ಹೆಂಗಸರು ಬಾಂಬು ಹೊದ್ದು ಗದ್ದೆಗೆ ಇಳಿದರು: ಫೋನಿಗೆ ಹೇಳಿ ಕತೆ ಬರೆಸುವ ಬಗೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಉಕ್ತಲೇಖನ ಕೊಡುವುದು ನನಗೆ ಬಲು ಇಷ್ಟದ ಕೆಲಸವಾಗಿತ್ತು. ಬೆಂಚುಗಳ ನಡುವೆ ಓಡಾಡುತ್ತ ಒಂದೊಂದೇ ಪದವನ್ನು ಎರಡೆರಡು ಸಲ ಬಿಡಿಸಿ ಹೇಳುವುದು, ಆಮೇಲೆ ‘ಬಾಷೆ’ ಎಂದು ಬರೆದವರ ಪುಸ್ತಕದಲ್ಲಿ ಕೆಂಪು ಶಾಯಿಯ ಸುತ್ತು ಹಾಕುವುದು. ನಿವೃತ್ತಿಯಾದ ಮೇಲೆ ಶಿವಮೊಗ್ಗದ ಮನೆಯಲ್ಲಿ ಕತೆ ಬರೆಯಲು ಕೂತೆ. ಎರಡು ಸಂಕಲನಕ್ಕೆ ಆಗುವಷ್ಟು ಬರೆದೂ ಬರೆದೆ. ಅಷ್ಟರಲ್ಲಿ ಬಲಗೈ ಹೆಬ್ಬೆರಳು ಕೈ ಕೊಟ್ಟಿತು. ಪೆನ್ನು ಹಿಡಿದರೆ ಹತ್ತೇ ನಿಮಿಷಕ್ಕೆ ಬುಡದಲ್ಲಿ ಉರಿ, ಫೋನಿನಲ್ಲಿ ಒತ್ತಿ ಒತ್ತಿ ಬರೆದರೆ ಇನ್ನೂ ಬೇಗ. ಡಾಕ್ಟರು ಕೀಲು ಸವೆದಿದೆ ಎಂದರು, ಪಟ್ಟಿ ಕಟ್ಟಿದರು, “ಬರೆಯೋದು ಕಮ್ಮಿ ಮಾಡಿ” ಎಂದರು. ದೀಪಾವಳಿ ವಿಶೇಷಾಂಕಕ್ಕೆ ಒಂದು ಕತೆ ಕೊಡುತ್ತೇನೆಂದು ಅಷ್ಟರಲ್ಲಾಗಲೇ ಒಪ್ಪಿಕೊಂಡಿದ್ದೆ.

ಹಾಗೆ ಶುರುವಾದದ್ದು ಈ ಬಾಯಿಬರಹ. ಎರಡು ವರ್ಷವಾಯಿತು. ನನ್ನ ವಾರಿಗೆಯ ಬರೆಯುವವರು ಕೈನೋವು, ಕಣ್ಣುನೋವು ಎಂದು ಫೋನು ಮಾಡಿ “ಅದು ಹೇಗೆ ಮಾಡ್ತೀರಿ?” ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆ ತುಂಡುತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಮೊದಲು ಸಾಮಾನು. ಆಂಡ್ರಾಯ್ಡ್ ಫೋನಿದ್ದರೆ ಗೂಗಲಿನ ಜಿಬೋರ್ಡ್ ಕೀಲಿಮಣೆ ಸಾಕು. ಅದರ ಸೆಟ್ಟಿಂಗ್ಸಿನಲ್ಲಿ ಭಾಷೆಗಳಿಗೆ ಹೋಗಿ ಕನ್ನಡ ಸೇರಿಸಿ, ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ, ಮೈಕಿನ ಚಿತ್ರ ಒತ್ತಿ ಮಾತಾಡಿ. ಗೂಗಲ್ ಕನ್ನಡಕ್ಕೆ ಈ ಸೌಲಭ್ಯ ಕೊಟ್ಟದ್ದು 2017ರಲ್ಲಿ, ತಮಿಳು ತೆಲುಗು ಮರಾಠಿಗಳ ಜೊತೆಗೆ. ಕಂಪ್ಯೂಟರಿನಲ್ಲಾದರೆ ಕ್ರೋಮ್ ಬ್ರೌಸರಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಪಟ್ಟಿಯಲ್ಲಿ ವಾಯ್ಸ್ ಟೈಪಿಂಗ್ ಆರಿಸಿಕೊಂಡು, ಮೈಕಿನ ಮೇಲಿರುವ ಪಟ್ಟಿಯಲ್ಲಿ ಕನ್ನಡ ಹುಡುಕಿ. ನಾನು ಫೋನಿನಲ್ಲೇ ಡಾಕ್ಸ್ ತೆರೆದು ಅದರೊಳಗೆ ಹೇಳುತ್ತೇನೆ. ಒಳಗೆ ಬಂದು ಕಂಪ್ಯೂಟರ್ ಹಾಕಿದರೆ ಅದೇ ಕಡತ ಅಲ್ಲೂ ತೆರೆದುಕೊಳ್ಳುತ್ತದೆ, ದೊಡ್ಡ ಅಕ್ಷರದಲ್ಲಿ ತಿದ್ದಬಹುದು.

ಇನ್ನು ಮುಂದೆ ತಪ್ಪುಗಳ ಕತೆ ಹೇಳುವಾಗ ಯಾವ ಆ್ಯಪಿನದು ಎಂದು ಹೆಸರು ಹಿಡಿದು ಹೇಳುವುದಿಲ್ಲ. ನಾಲ್ಕೈದನ್ನು ಬಳಸಿ ನೋಡಿದ್ದೇನೆ. ಎಲ್ಲವೂ ಒಂದಲ್ಲ ಒಂದು ಕಡೆ ಮುಗ್ಗರಿಸುತ್ತವೆ. ನಾನೂ ಮುಗ್ಗರಿಸಿದ್ದೇನೆ.

ಮೊದಲ ದಿನ ಉಕ್ತಲೇಖನದ ಗತ್ತಿನಲ್ಲೇ ಕೂತೆ. “ಅಜ್ಜಿ... ಹಿತ್ತಲಿನ... ಬಾಗಿಲು... ತೆಗೆದು...” ಫೋನು ಪದಕ್ಕೊಮ್ಮೆ ತಡವರಿಸಿತು. ‘ಹಂಚಿನಿಂದ ಹನಿ ಬೀಳುತ್ತಲೇ ಇತ್ತು’ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದರೆ ‘ಹಂಚಿನಿಂದ ಹಣೆ ಬೀಳುತ್ತಲೇ ಇತ್ತು’ ಎಂದು ಬರೆದುಕೊಂಡಿತು. ಮಾಡಿನಿಂದ ಒಂದೊಂದಾಗಿ ಹಣೆಗಳು ಉದುರುವುದನ್ನು ನೆನೆಸಿಕೊಂಡು ನಕ್ಕೆನಾದರೂ ಒಳಗೊಳಗೇ ಸಿಟ್ಟು. ನನ್ನ ಉಚ್ಚಾರಣೆಗೆ ಯಾರೂ ಬೆರಳು ತೋರಿಸಿದವರಲ್ಲ!

ನನ್ನ ಹಳೇ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಅವನಿಗೆ ಫೋನು ಮಾಡಿದೆ. “ಮೇಡಂ, ನೀವು ಒಂದೊಂದೇ ಪದ ಹೇಳ್ತಿದೀರಾ? ಹಾಗೆ ಹೇಳಬೇಡಿ. ಅದು ಅಕ್ಷರ ಅಕ್ಷರ ಕೇಳಿಸಿಕೊಳ್ಳಲ್ಲ. ಅಕ್ಕಪಕ್ಕದ ಪದ ನೋಡ್ಕೊಂಡು ಇದೇ ಇರಬೇಕು ಅಂತ ಊಹಿಸತ್ತೆ” ಎಂದ. ಬರೀ ‘ಹನಿ’ ಎಂದರೆ ಅದಕ್ಕೆ ಹನಿಯೂ ಒಂದೇ ಹಣೆಯೂ ಒಂದೇ. ‘ಹಂಚಿನಿಂದ ಮಳೆಯ ಹನಿ ಬೀಳುತ್ತಲೇ ಇತ್ತು’ ಎಂದು ಒಂದೇ ಉಸಿರಿಗೆ ಹೇಳಿದೆ. ಸರಿಯಾಗಿ ಬಂತು.

ನನ್ನ ಮಟ್ಟಿಗೆ ಇದರಲ್ಲಿ ಕಲಿಯಬೇಕಾದದ್ದರಲ್ಲಿ ಅರ್ಧ ಇಷ್ಟೇ. ಪದ ಬಿಡಿಸಬೇಡಿ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಳ್ಳಿ, ಆಮೇಲೆ ಎದುರಿಗೆ ಕೂತವರಿಗೆ ಹೇಳುವ ವೇಗದಲ್ಲಿ ಹೇಳಿಬಿಡಿ. ನಡುವೆ ತಪ್ಪಾದರೂ ನಿಲ್ಲಬೇಡಿ. ವಾಕ್ಯ ಮುಗಿದ ಮೇಲೆ ಬೇಕಿದ್ದಷ್ಟು ಹೊತ್ತು ಯೋಚಿಸಿ. ಆದರೆ ಸ್ವಲ್ಪ ಹೆಚ್ಚು ಹೊತ್ತು ಸುಮ್ಮನಿದ್ದರೆ ಮೈಕು ತಾನಾಗಿ ಮುಚ್ಚಿಕೊಳ್ಳುತ್ತದೆ, ಅದು ಗೊತ್ತಿರಲಿ. ಒಮ್ಮೆ ನಾನು ಕಣ್ಣು ಮುಚ್ಚಿಕೊಂಡು, ಒಬ್ಬ ಹೆಂಗಸು ತವರಿನಿಂದ ವಾಪಸು ಹೊರಡುವ ಅರ್ಧ ಪುಟವನ್ನು ನನಗೇ ಕಣ್ಣು ತುಂಬುವ ಹಾಗೆ ಹೇಳಿ ಮುಗಿಸಿ ನೋಡಿದರೆ ಪರದೆಯ ಮೇಲೆ ‘ಬಸ್ಸು ಬರುವ’ ಎಂಬ ಎರಡೇ ಪದ ಇದ್ದವು. ಆ ಅರ್ಧ ಪುಟ ಮತ್ತೆ ಹಾಗೆ ಬರಲೇ ಇಲ್ಲ. ಪ್ರತಿ ವಾಕ್ಯದ ಮೊದಲ ಪದ ಪರದೆಯಲ್ಲಿ ಮೂಡಿತೇ ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುವುದು ಅವತ್ತಿನಿಂದ ರೂಢಿಯಾಗಿದೆ.

ಊಹಿಸಿ ಬರೆಯುವುದರಿಂದ ಒಂದು ಲಾಭವೂ ಉಂಟು. ಮಹಾಪ್ರಾಣವನ್ನು ನಾವು ಯಾರು ನಿಜವಾಗಿ ಉಚ್ಚರಿಸುತ್ತೇವೆ? ಪಾಠ ಮಾಡುವಾಗ ನಾನೂ ಎಷ್ಟೋ ಸಲ ‘ಬಾಷೆ’ ಎಂದೇ ಹೇಳಿರುತ್ತೇನೆ, ಈಗ ರೆಕಾರ್ಡಿಂಗ್ ಕೇಳಿ ಗೊತ್ತಾಗಿದೆ. ಫೋನು ಮಾತ್ರ ‘ಭಾಷೆ’ ಎಂದೇ ಬರೆಯುತ್ತದೆ. ಕೆಂಪು ಸುತ್ತು ಹಾಕಿಸಿಕೊಂಡ ಆ ಮಕ್ಕಳೆಲ್ಲ ನನ್ನ ಬಾಯಿಂದ ಬಂದದ್ದನ್ನೇ ಬರೆದಿದ್ದರೋ ಏನೋ.

ಊರಿನ ಪದಗಳ ಪಾಡು

ಊಹೆ ನಡೆಯುವುದು ನಾಲ್ಕು ಜನ ಬರೆದ ಪದಗಳಲ್ಲಿ. ನಮ್ಮ ಊರಿನ ಪದಗಳನ್ನು ಬರೆದವರೆಷ್ಟು ಜನ? ವಿಶೇಷಾಂಕದ ಆ ಕತೆ ತೀರ್ಥಹಳ್ಳಿ ಕಡೆಯ ನಾಟಿ ಕಾಲದ್ದು. ಮಳೆಯಲ್ಲಿ ಹೆಂಗಸರು ತಲೆಯಿಂದ ಸೊಂಟದವರೆಗೆ ಗೊರಬು ಎಂಬ ಮಳೆಯ ಹೊದಿಕೆ ಹೊದ್ದು, ಬಗ್ಗಿ ನೆಟ್ಟಿ ಮಾಡುತ್ತಾರೆ. ಕತೆಯಲ್ಲಿ ಗೊರಬು ಇಲ್ಲದ ಪುಟವೇ ಇಲ್ಲ. ಫೋನಿಗೆ ಆ ಪದವೇ ಗೊತ್ತಿಲ್ಲ. ‘ಹೆಂಗಸರು ಗೌರವ ಹೊದ್ದು ಗದ್ದೆಗೆ ಇಳಿದರು’ ಎಂದು ಬರೆಯಿತು. ಮೊದಲ ಸಲ ಓದಿದಾಗ ಹಾಗೇ ಬಿಟ್ಟುಬಿಡೋಣ ಅನ್ನಿಸಿದ್ದು ನಿಜ. ಎರಡನೇ ಸಲ ‘ಗೋಪುರ ಹೊದ್ದು’ ಆಯಿತು. ನಾಯಕಿ ಭರಮಮ್ಮನಂತೂ ಒಂದು ಕಡೆ ಬ್ರಹ್ಮ, ಇನ್ನೊಂದು ಕಡೆ ‘ಬರಿ ಅಮ್ಮ’.

ಇಂಥ ಪದಗಳಿಗೆ ಬದಲಿ ಆಳು ನಿಲ್ಲಿಸಬೇಕು. ಫೋನಿಗೆ ಚೆನ್ನಾಗಿ ಗೊತ್ತಿರುವ ಒಂದು ಪದ ಹೇಳುತ್ತ ಹೋಗುವುದು, ಕೊನೆಯಲ್ಲಿ ಹುಡುಕಿ ಬದಲಾಯಿಸುವುದು. ಹೇಳಿದಷ್ಟು ಸುಲಭವಲ್ಲ ಇದು, ಏಕೆಂದರೆ ನಮ್ಮದು ಪ್ರತ್ಯಯ ಅಂಟಿಸುವ ಭಾಷೆ. ಮೊದಲು ಭರಮಮ್ಮನ ಬದಲು ‘ಸೀತೆ’ ಎಂದೆ. ಕೊನೆಯಲ್ಲಿ ಬದಲಾಯಿಸಿದರೆ ‘ಸೀತೆಗೆ’ ಹೋಗಿ ‘ಭರಮಮ್ಮಗೆ’, ‘ಸೀತೆಯ’ ಹೋಗಿ ‘ಭರಮಮ್ಮಯ’. ಗೊರಬಿನ ಬದಲು ‘ಕೊಡೆ’ ಎಂದಿದ್ದೆ, ಅದು ‘ಗೊರಬುಯನ್ನು’ ಆಯಿತು. ಎಂಟು ಪುಟ ಕೂತು ತಿದ್ದಿದೆ, ಹೆಬ್ಬೆರಳು ಬಾತುಕೊಂಡಿತು.

ಹಾಗಾಗಿ ಬದಲಿ ಪದವೂ ಅಸಲಿಯ ಹಾಗೇ ಮುಗಿಯಬೇಕು. ಭರಮಮ್ಮನಿಗೆ ಲಕ್ಷ್ಮಮ್ಮ: ಲಕ್ಷ್ಮಮ್ಮನಿಗೆ, ಲಕ್ಷ್ಮಮ್ಮನ, ಲಕ್ಷ್ಮಮ್ಮನನ್ನು, ಎಲ್ಲವೂ ತಂತಾನೇ ಸರಿಹೋಗುತ್ತವೆ. ಗೊರಬಿಗೆ ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಸಿಕ್ಕಿದ್ದು ‘ಬಾಂಬು’. ಬಾಂಬು, ಬಾಂಬಿನ, ಬಾಂಬನ್ನು, ಬಾಂಬುಗಳು. ‘ಬಾಂ’ ಎಂಬ ಒಂದೇ ಅಕ್ಷರ ಹುಡುಕಿ ಅಲ್ಲಿ ‘ಗೊರ’ ಎಂದು ಕೂರಿಸಿದರೆ ಗೊರಬು, ಗೊರಬಿನ, ಗೊರಬನ್ನು, ಗೊರಬುಗಳು. ವ್ಯಾಕರಣ ಪಾಠ ಮಾಡಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ತುಂಗೆಯ ದಂಡೆಯಲ್ಲಿ ಬೆಳಗಿನ ವಾಕಿಂಗ್ ಮಾಡುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು “ಹೆಂಗಸರು ಬಾಂಬು ಹೊದ್ದು ಗದ್ದೆಗೆ ಇಳಿದರು, ಲಕ್ಷ್ಮಮ್ಮ ಬಾಂಬಿನೊಳಗಿಂದ ತಲೆ ಹೊರಗೆ ಹಾಕಿ ಆಕಾಶ ನೋಡಿದಳು” ಎಂದು ಹೇಳುತ್ತಿದ್ದೆ. ಎದುರಿನಿಂದ ಬರುತ್ತಿದ್ದವರು ಒಂದು ಗಳಿಗೆ ನಿಂತು, ನನ್ನನ್ನು ನೋಡಿ, ಆಚೆ ಬದಿಗೆ ಹೋದರು. ಹೊರಗೆ ಹೇಳಿ ಬರೆಸುವವರು ಬದಲಿ ಪದವನ್ನು ನನಗಿಂತ ಸ್ವಲ್ಪ ಯೋಚಿಸಿ ಆರಿಸಿಕೊಳ್ಳಿ. ಇಯರ್‌ಫೋನ್ ಇದ್ದು, ಮಾತು ಮಾಮೂಲಿನದಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ, ಯಾರ ಜೊತೆಗೋ ಮಾತಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಚುಕ್ಕಿ ಮತ್ತು ಕುಂಬಳಕಾಯಿ

ಇಂಗ್ಲಿಷಿನಲ್ಲಿ ಹೇಳಿ ಬರೆಸುವವರು ಪೂರ್ಣವಿರಾಮ, ಅಲ್ಪವಿರಾಮಗಳನ್ನೂ ಬಾಯಲ್ಲೇ ಹೇಳಿ ಹಾಕಿಸುತ್ತಾರೆ. ಕನ್ನಡದಲ್ಲಿ ನಾನು ‘ಪೂರ್ಣವಿರಾಮ’ ಎಂದರೆ ಅದು ಶ್ರದ್ಧೆಯಿಂದ ‘ಪೂರ್ಣ ವಿರಾಮ’ ಎಂದೇ ಬರೆದಿಡುತ್ತದೆ. ಇಡೀ ಪುಟ ಒಂದೇ ಸಮನೆ ಹರಿದು ಬಂದಿರುತ್ತದೆ, ಎಲ್ಲೂ ಚುಕ್ಕಿ ಇಲ್ಲ. ಮೊದಮೊದಲು ಇದೇ ದೊಡ್ಡ ತಲೆನೋವು ಅನ್ನಿಸಿತ್ತು. ಆಮೇಲೆ ನೋಡಿದರೆ ಪೂರ್ಣವಿರಾಮಕ್ಕಾಗಿ ಏನೂ ಮಾಡಬೇಕಾಗಿಲ್ಲ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಬಂದು ನಿಲ್ಲುತ್ತದೆ. ಇಳಿದಳು, ನಿಂತಿತ್ತು, ಬೀಳುತ್ತಿತ್ತು ಎಂದು ಕಂಡಲ್ಲೆಲ್ಲ ಚುಕ್ಕಿ ಒತ್ತುತ್ತ ಹೋದರಾಯಿತು, ಮುಂದೆ ‘ಎಂದು’, ‘ಅಂತ’ ಬಂದಿಲ್ಲವೆಂದು ನೋಡಿಕೊಂಡರೆ ಸಾಕು. ಪ್ರಶ್ನಾರ್ಥಕವನ್ನು ಮಾತ್ರ ನೋಡಿ ಹಾಕಿ. ‘ಅವನು ಬಂದನೇ’ ಎಂದು ಬರೆದಿರುವುದನ್ನು ಮೂರು ದಿನ ಬಿಟ್ಟು ಓದಿದರೆ ಕೇಳಿದ್ದೋ ಹೇಳಿದ್ದೋ ನಿಮಗೇ ತಿಳಿಯುವುದಿಲ್ಲ.

ಪ್ಯಾರಾ ಒಡೆಯುವುದಕ್ಕೆ ಮಾತ್ರ ಗುರುತು ಬೇಕು. ಅದು ಬರಹದಲ್ಲಿ ಬೇರೆಲ್ಲೂ ಬರದ ಪದವಾಗಿರಬೇಕು, ಉದ್ದವಾಗಿರಬೇಕು, ಫೋನು ಎಂದೂ ತಪ್ಪು ಕೇಳಿಸಿಕೊಳ್ಳದ್ದಾಗಿರಬೇಕು. ಸಿನಿಮಾದವರು ಶೂಟಿಂಗ್ ಮುಗಿದಾಗ ಕುಂಬಳಕಾಯಿ ಒಡೆಯುತ್ತಾರಲ್ಲ, ನಾನೂ ಅದನ್ನೇ ಹಿಡಿದೆ. ಪ್ಯಾರಾ ಮುಗಿಯಿತು, ಒಂದು ಕ್ಷಣ ಬಿಟ್ಟು ‘ಕುಂಬಳಕಾಯಿ’. ಕೊನೆಯಲ್ಲಿ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಕಂಟ್ರೋಲ್ ಮತ್ತು ಎಚ್ ಒತ್ತಿ, ಅಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ಸ್ ಎಂಬುದಕ್ಕೆ ಗುರುತು ಹಾಕಿ. ಹುಡುಕುವ ಜಾಗದಲ್ಲಿ ಕುಂಬಳಕಾಯಿ, ಬದಲಿಸುವ ಜಾಗದಲ್ಲಿ ಹಿಂದಕ್ಕೆ ವಾಲಿದ ಗೆರೆ, ಅದಕ್ಕೆ ಅಂಟಿಕೊಂಡು ಇಂಗ್ಲಿಷಿನ ಸಣ್ಣ ಎನ್. ಒಂದೇ ಏಟಿಗೆ ಎಲ್ಲ ಪ್ಯಾರಾಗಳೂ ಒಡೆದುಕೊಳ್ಳುತ್ತವೆ. ಮೈಕ್ರೋಸಾಫ್ಟ್ ವರ್ಡ್ ಇದ್ದವರಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ಸಿನ ಗೊಡವೆ ಬೇಡ. ಬದಲಿಸುವ ಜಾಗದಲ್ಲಿ ಆರರ ಕೀಲಿಯ ಮೇಲಿರುವ ಟೋಪಿ ಗುರುತು, ಪಕ್ಕದಲ್ಲಿ ಸಣ್ಣ ಪಿ.

ಇದೂ ಒಮ್ಮೆ ಕೈ ಕೊಟ್ಟಿದೆ. ಆಯುಧಪೂಜೆಯ ಬಗ್ಗೆ ಒಂದು ಲಲಿತ ಪ್ರಬಂಧ ಹೇಳಿ ಬರೆಸಿದೆ. ಲಾರಿ, ಆಟೋ, ನೀಲಗಿರಿ ಎಲೆ, ಬಾಳೆಕಂದು, ರಸ್ತೆ ತುಂಬ ಒಡೆದ ಕಾಯಿ. ಎಲ್ಲ ಮುಗಿಸಿ ಬದಲಾವಣೆಯ ಗುಂಡಿ ಒತ್ತಿದ ಮೇಲೆ ಓದಿದರೆ ‘ಡ್ರೈವರು ಲಾರಿಯ ಮುಂದೆ ನಿಂತು’ ಎಂಬಲ್ಲಿಗೆ ಒಂದು ಪ್ಯಾರಾ ಮುಗಿದಿತ್ತು. ‘ಎತ್ತಿ ನೆಲಕ್ಕೆ ಅಪ್ಪಳಿಸಿದ’ ಎಂದು ಇನ್ನೊಂದು ಶುರುವಾಗಿತ್ತು. ಏನನ್ನು ಅಪ್ಪಳಿಸಿದ ಎಂಬುದೇ ಇಲ್ಲ.

ಮಾತಿನ ಕನ್ನಡ, ಬರಹದ ಕನ್ನಡ

ಮೈಕು ಒತ್ತುವ ಮೊದಲೇ ತೀರ್ಮಾನಿಸಬೇಕಾದದ್ದೊಂದಿದೆ: ಯಾವ ಕನ್ನಡದಲ್ಲಿ ಹೇಳುತ್ತೀರಿ? ಮನೆಯಲ್ಲಿ ನಾವು ‘ಮಾಡ್ತಿದ್ಲು’, ‘ಮನೇಲಿ’, ‘ಬರ್ಬೇಕಿತ್ತು’ ಎನ್ನುತ್ತೇವೆ. ಫೋನು ಇವುಗಳಲ್ಲಿ ಕೆಲವನ್ನು ಹಾಗೇ ಬರೆಯುತ್ತದೆ, ಕೆಲವನ್ನು ಗ್ರಾಂಥಿಕಕ್ಕೆ ತಿರುಗಿಸುತ್ತದೆ, ಕೆಲವನ್ನು ಎರಡು ತುಂಡು ಮಾಡುತ್ತದೆ. ಬಂದದ್ದು ಅತ್ತ ಮಾತೂ ಅಲ್ಲ ಇತ್ತ ಬರಹವೂ ಅಲ್ಲ. ಇಂಥ ಕಲಬೆರಕೆ ತಿದ್ದುವುದಕ್ಕಿಂತ ಮೊದಲಿನಿಂದ ಬರೆಯುವುದೇ ವಾಸಿ. ಹಾಗಾಗಿ ನಿರೂಪಣೆಯನ್ನು ನಾನು ‘ಮಾಡುತ್ತಿದ್ದಳು’, ‘ಬರಬೇಕಾಗಿತ್ತು’ ಎಂದು ಪೂರ್ತಿ ಬಾಯಿ ಬಿಟ್ಟು ಹೇಳುತ್ತೇನೆ. ಆಗ ಹಜಾರದಿಂದ ಯಜಮಾನರ ದನಿ ಬರುತ್ತದೆ: “ಇವತ್ತು ಯಾವ ಪ್ರಸಂಗನೇ? ತಾಳಮದ್ದಲೆ ಜೋರಾಗಿದೆ.”

ಸಂಭಾಷಣೆಯನ್ನು ಮಾತ್ರ ಫೋನಿಗೆ ಹೇಳಲೇಬೇಡಿ. “ಎಂತ ಮಾರಾಯ್ತಿ, ನೀನು ಬರೂದೇ ಇಲ್ವನೇ?” ಎನ್ನುವುದು ಅಲ್ಲಿ ಏನೇನೋ ಆಗಿ ಕೂರುತ್ತದೆ. ಗ್ರಾಂಥಿಕದಲ್ಲಿ ಹೇಳಿ ಆಮೇಲೆ ಊರಿನ ಮಾತಿಗೆ ತಿರುಗಿಸೋಣ ಎಂದರೆ ರಾಗ ಹೊರಟುಹೋಗಿರುತ್ತದೆ. ಶಾಲೆಯ ನಾಟಕದಲ್ಲಿ ಮಕ್ಕಳು ಒಪ್ಪಿಸಿದ ಹಾಗೆ ಇರುತ್ತದೆ. ನಾನು ಆ ಜಾಗಕ್ಕೆ ಬಂದಾಗ ‘ಇಲ್ಲಿ ಜಗಳ’, ‘ಇಲ್ಲಿ ಅತ್ತೆ ಸೊಸೆ ಮಾತು’ ಎಂದಷ್ಟೇ ಬರೆಸಿ ಮುಂದೆ ಹೋಗುತ್ತೇನೆ. ಮಾತುಗಳನ್ನು ಹಳೇ ಫೋನಿನ ರೆಕಾರ್ಡರಿಗೆ ಮನಸ್ಸಿಗೆ ಬಂದ ಹಾಗೆ ಆಡಿ, ಆಮೇಲೆ ಕೇಳಿಕೊಂಡು ಎಡಗೈ ಬೆರಳಿನಲ್ಲಿ ಟೈಪು ಮಾಡುತ್ತೇನೆ. ಸಂಭಾಷಣೆ ಎಷ್ಟಾದರೂ ಎರಡು ಮೂರು ಪುಟ, ಬೆರಳು ತಡೆದುಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಮಾತು ಸಂಗ್ರಹಿಸುತ್ತಿದ್ದಾರೆ. ‘ಮಾರಾಯ್ತಿ’ಯೂ ಗೊರಬೂ ಅದರೊಳಗೆ ಸೇರಲಿ ಎಂಬುದು ನನ್ನ ಆಸೆ.

ಆ ಹಳೇ ಫೋನಿಗೆ ಇನ್ನೊಂದು ಕೆಲಸವೂ ಇದೆ. ಹೇಳಿ ಬರೆಸುವಾಗಲೆಲ್ಲ ಅದನ್ನು ಪಕ್ಕದಲ್ಲಿಟ್ಟು ರೆಕಾರ್ಡ್ ಹಾಕಿರುತ್ತೇನೆ. ಒಂದೇ ಫೋನಿನಲ್ಲಿ ಎರಡನ್ನೂ ಮಾಡಲು ನೋಡಿದೆ, ಸರಿಹೋಗಲಿಲ್ಲ. ರೆಕಾರ್ಡ್ ಏಕೆಂದರೆ, ಕೈಯಲ್ಲಿ ಬರೆದದ್ದು ಎಷ್ಟೇ ಸೊಟ್ಟಗಿದ್ದರೂ ಅಲ್ಲಿ ಏನಿರಬೇಕೆಂದು ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಫೋನು ತಪ್ಪು ಬರೆದರೂ ಕಾಗುಣಿತ ಶುದ್ಧವಾಗಿರುತ್ತದೆ, ಪದ ನಿಜವಾದ ಪದವೇ ಆಗಿರುತ್ತದೆ, ಕಣ್ಣು ಸಲೀಸಾಗಿ ದಾಟಿ ಹೋಗುತ್ತದೆ. ನನ್ನ ಕಡತದಲ್ಲಿ ‘ಮುದುಕಿ ಸಾಲದ ಕೆಳಗೆ ಕೂತಿದ್ದಳು’ ಎಂಬ ವಾಕ್ಯ ಒಂದು ವಾರ ಹಾಗೇ ಇತ್ತು. ಕತೆಯಲ್ಲಿ ಸಾಲವೂ ಇದ್ದುದರಿಂದ ಎಷ್ಟು ಚೆನ್ನಾಗಿ ಹೇಳಿದ್ದೇನಲ್ಲ ಅಂದುಕೊಂಡಿದ್ದೆ. ರೆಕಾರ್ಡ್ ಕೇಳಿದರೆ ನಾನು ಹೇಳಿದ್ದು ‘ಆಲದ ಕೆಳಗೆ’.

ಧ್ವನಿಮುದ್ರಣವನ್ನೇ ಕೊಟ್ಟರೆ ಪೂರ್ತಿ ಬರಹ ಮಾಡಿ, ಚುಕ್ಕಿ ಕೊಂಬೆಲ್ಲ ಹಾಕಿಕೊಡುವ ಇನ್ನೊಂದು ಜಾತಿಯ ತಂತ್ರಾಂಶಗಳೂ ಬಂದಿವೆ. ನನ್ನ ವಿದ್ಯಾರ್ಥಿ ಒಂದನ್ನು ಹಾಕಿಕೊಟ್ಟ. ವಿರಾಮಚಿಹ್ನೆ ನೋಡಿ ಖುಷಿಯಾಯಿತು. ಆದರೆ ನಾನು ನೀರು ಕುಡಿಯಲು ಸುಮ್ಮನಾದ ಜಾಗದಲ್ಲಿ, ನಾನು ಹೇಳದ ಒಂದು ಇಡೀ ವಾಕ್ಯ ಇತ್ತು. ಒಳ್ಳೆಯ ವಾಕ್ಯವೇ. ಆದರೂ ಬೇರೆಯವರ ವಾಕ್ಯ. ಇವುಗಳನ್ನು ಬಳಸುವವರು ಮೂಲ ಧ್ವನಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ದಿನಚರಿ ಕೇಳುವವರಿಗೆ: ನಾನು ಹತ್ತು ನಿಮಿಷಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಷ್ಟರಲ್ಲಿ ಸುಮಾರು 500 ಪದ ಬರುತ್ತವೆ. ಅದನ್ನು ತಿದ್ದಲು ಅರ್ಧ ಗಂಟೆ ಬೇಕು, ಮತ್ತು ಆ ಅರ್ಧ ಗಂಟೆಯನ್ನು ಅವತ್ತೇ ಕೊಡಬೇಕು. ಹೇಳುವ ಮೊದಲು ಒಂದು ಚೀಟಿಯಲ್ಲಿ ನಾಲ್ಕೈದು ಪದ ಗೀಚಿಕೊಳ್ಳುತ್ತೇನೆ, ‘ಬಾವಿ, ಹಗ್ಗ, ನಾದಿನಿ, ಬಸ್ಸು’ ಎಂಬಷ್ಟು. ಅದಿಲ್ಲದೆ ಶುರುಮಾಡಿದರೆ ಬಾಯಿ ಎಲ್ಲೆಲ್ಲಿಗೋ ಹೋಗುತ್ತದೆ. ಬಾಯಿಗೆ ತನ್ನದೇ ಚಟಗಳೂ ಇವೆ. ಒಂದು ಕತೆಯಲ್ಲಿ ‘ಅಲ್ಲವಾ’ ಎಂದು ಹುಡುಕಿದೆ, 31 ಸಲ ಇತ್ತು. ಕ್ಲಾಸಿನಲ್ಲಿ ಪ್ರತಿ ಮಾತಿಗೂ “ಅಲ್ವಾ ಮಕ್ಕಳೇ” ಎಂದು ಎಷ್ಟು ವರ್ಷ ಹೇಳಿದ್ದೆನೋ. ‘ಆಮೇಲೆ’, ‘ಮತ್ತೆ’, ‘ಅಂದರೆ’ ಇವನ್ನೂ ಹುಡುಕಿ ಕಿತ್ತುಹಾಕುತ್ತೇನೆ, ಹತ್ತರಲ್ಲಿ ಎಂಟು ಹೋಗುತ್ತವೆ.

ಮೈಕು ಬಾಯಿಗೆ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕಿರಲಿ, ಇಲ್ಲವಾದರೆ ‘ಪ’ಕಾರ ‘ಫ’ಕಾರಗಳ ಗಾಳಿ ನೇರ ಅದಕ್ಕೇ ಬಡಿಯುತ್ತದೆ. ಫ್ಯಾನು ಆರಿಸಿ. ಕುಕ್ಕರ್ ಕೂಗುವ ಹೊತ್ತು ಬಿಡಿ. ನಮ್ಮಲ್ಲಿ ಜೂನ್ ಬಂದರೆ ಹಿತ್ತಲ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಫೋನಿಗಿರಲಿ ಮನುಷ್ಯರಿಗೇ ಏನೂ ಕೇಳಿಸುವುದಿಲ್ಲ. ಆಗ ನಾನು ಬೀರುವಿನ ಕೋಣೆಗೆ ಹೋಗುತ್ತೇನೆ, ಸೀರೆಗಳ ನಡುವೆ ಸದ್ದು ಅಡಗುತ್ತದೆ. ಇನ್ನು, ಹೇಳಿದ ಮಾತು ನಿಮ್ಮ ಫೋನಿನೊಳಗೇ ಉಳಿಯುತ್ತದೆ ಎಂದು ನಂಬಿಕೊಳ್ಳಬೇಡಿ. ಪಕ್ಕದ ಮನೆಯವರ ನಿಜ ಸಂಗತಿ ಬರೆಯುವಾಗ ಬದಲಿ ಹೆಸರೇ ಹೇಳಿ.

ಪತ್ರಿಕೆಗೆ ಕಳಿಸುವುದು ಕೊನೆಯ ಕೆಲಸ. ಹೇಳಿ ಬರೆಸಿದ್ದು ಈಗಿನ ಫೋನು ಕಂಪ್ಯೂಟರುಗಳೆಲ್ಲ ಓದಬಲ್ಲ ಯುನಿಕೋಡ್‌ನಲ್ಲಿರುತ್ತದೆ. ಕೆಲವು ಮುದ್ರಣಾಲಯಗಳು, ಡಿಟಿಪಿಯವರು ಈಗಲೂ ‘ನುಡಿ’ ತಂತ್ರಾಂಶದ ಹಳೇ ಅಕ್ಷರಶೈಲಿಯಲ್ಲೇ ಕೇಳುತ್ತಾರೆ, ಅದು ಯುನಿಕೋಡ್ ಅಲ್ಲ. ಪರಿವರ್ತಕಗಳಿವೆ, ಬಳಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಿ ನೋಡಿ. ಆದರೆ ಬದಲಿ ಪದಗಳನ್ನೆಲ್ಲ ಅದಕ್ಕೂ ಮೊದಲೇ, ಯುನಿಕೋಡ್‌ನಲ್ಲಿರುವಾಗಲೇ ಹುಡುಕಿ ಮುಗಿಸಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗುಂಡಿ ಒತ್ತದೆ ಒಂದೊಂದನ್ನೇ ನೋಡಿ ಬದಲಿಸಿ. ನಾನು ಅವಸರ ಮಾಡಿ ಒಟ್ಟಿಗೆ ಒತ್ತಿದ್ದರಿಂದ ಸಂಪಾದಕರು ಫೋನು ಮಾಡಿ, “ಮೇಡಂ, ಆರನೇ ಪುಟದಲ್ಲಿ ‘ಗೊರಧವ್ಯ’ ಅಂತಿದೆ, ಇದು ನಿಮ್ಮ ಕಡೆ ಪದವಾ?” ಎಂದು ಬಹಳ ಗೌರವದಿಂದ ಕೇಳಿದರು.

ಅದು ಬಾಂಧವ್ಯ.